ಪಿಸ್ಟನ್ ಬದಲಿಸಿದ ಮೇಲೆ ಗಾಡಿ ಯಾಕೆ ನಡುಗುತ್ತದೆ?

ನನ್ನ ಬಾಮೈದ ತನ್ನ ಹಳೇ ಬುಲೆಟ್ಟಿಗೆ ಎಂಜಿನ್ ಕೆಲಸ ಮಾಡಿಸಿದ. ಸಿಲಿಂಡರ್ ಸವೆದು ನೀಲಿ ಹೊಗೆ ಬರುತ್ತಿತ್ತು. ಬ್ಲಾಕ್ ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ ಅಗಲ ಮಾಡಿಸಿ, ಅದರೊಳಗೆ ಓಡಾಡುವ ಪಿಸ್ಟನ್ನನ್ನು ಒಂದು ಸೈಜ್ ದೊಡ್ಡದು ಹಾಕಿಸಿದ. ಹೊಗೆ ನಿಂತಿತು, ಒಂದೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಗತೊಡಗಿತು. ಮೊದಲ ಸಾವಿರ ಕಿಲೋಮೀಟರ್ ಅವನು ಅದನ್ನು ಬಾಣಂತಿಯಂತೆ ನೋಡಿಕೊಂಡ. ಆಮೇಲೆ ಒಂದು ಭಾನುವಾರ ಇಬ್ಬರೂ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟೆವು. ಹೈವೇಯಲ್ಲಿ ಸ್ವಲ್ಪ ಜೋರಾಗಿ ಬಿಟ್ಟ. ಆನಗೋಡು ದಾಟುವಷ್ಟರಲ್ಲಿ ಹಿಂದೆ ಕೂತಿದ್ದ ನನ್ನ ಪಾದ ಜೋಮು ಹಿಡಿದಿತ್ತು. ಭರಮಸಾಗರದಲ್ಲಿ ಟೀ ಕುಡಿಯಲು ನಿಂತಾಗ ನೋಡಿದರೆ ಎಡಗಡೆ ಕನ್ನಡಿ ಸಡಿಲವಾಗಿ ಜೋತುಬಿದ್ದಿದೆ. ಹಿಂದಿನ ಬಲ್ಬಿನೊಳಗಿನ ತಂತಿ ಕಡಿದಿದೆ.

ಬೋರ್ ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಪಿಸ್ಟನ್ನಿನ ಅಳತೆಯೂ ಸರಿಯಾಗಿತ್ತು. ಯಾರೂ ನೋಡದೆ ಬಿಟ್ಟದ್ದು ಅದರ ತೂಕವನ್ನು.

ಹಳೇ ಬುಲೆಟ್ಟು, ಆರ್‌ಎಕ್ಸ್ 100 ಗಾಡಿಗಳನ್ನು ರಿಪೇರಿ ಮಾಡಿಸಿ ಓಡಿಸುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ಕಂಪನಿಯ ಪಿಸ್ಟನ್ ಸಿಗದಿದ್ದಾಗ ಬೇರೆ ಮೇಕ್ ಹಾಕುತ್ತಾರೆ. ಪವರ್ ಬೇಕು ಅನ್ನುವವರು ದೊಡ್ಡ ಪಿಸ್ಟನ್ನು, ಉಬ್ಬು ತಲೆಯ ಪಿಸ್ಟನ್ನು ತರಿಸುತ್ತಾರೆ. ಇವರೆಲ್ಲ ಕೇಳುವ ಪ್ರಶ್ನೆ ಒಂದೇ: ಎಲ್ಲಾ ಹೊಸದು ಹಾಕಿಸಿದ್ದೀನಿ, ಆದ್ರೂ ಯಾಕೆ ಹಿಂಗೆ ನಡುಗುತ್ತೆ? ಉತ್ತರ ಕಷ್ಟದ್ದೇನಲ್ಲ, ಬುಡದಿಂದ ಹೇಳಿಕೊಂಡು ಬರಬೇಕು ಅಷ್ಟೇ.

ಒನಕೆ ಮತ್ತು ಬೀಸೋ ಕಲ್ಲು

ಎಂಜಿನ್ ಒಳಗೆ ಎರಡು ಥರದ ಓಡಾಟ ಇದೆ. ಪಿಸ್ಟನ್ ಒನಕೆಯ ಹಾಗೆ ಮೇಲೆ ಹೋಗಿ ಕೆಳಗೆ ಬರುತ್ತದೆ. ಕ್ರ್ಯಾಂಕ್ ಬೀಸೋ ಕಲ್ಲಿನ ಹಾಗೆ ಸುತ್ತುತ್ತದೆ. ಇವೆರಡನ್ನೂ ಕೂಡಿಸುವುದು ಕನೆಕ್ಟಿಂಗ್ ರಾಡ್. ಅದರ ಮೇಲಿನ ಚಿಕ್ಕ ತುದಿ ಪಿಸ್ಟನ್ ಜೊತೆ ಏರಿಳಿಯುತ್ತದೆ, ಕೆಳಗಿನ ದೊಡ್ಡ ತುದಿ ಕ್ರ್ಯಾಂಕ್ ಜೊತೆ ಸುತ್ತುತ್ತದೆ.

ಬೀಸೋ ಕಲ್ಲಿನ ಒಂದು ಕಡೆ ಭಾರ ಜಾಸ್ತಿ ಇದ್ದರೆ ಎದುರು ಕಡೆ ಅಷ್ಟೇ ಭಾರ ಕಟ್ಟಿದರೆ ಸಾಕು, ಅದು ಅಲುಗದೆ ತಿರುಗುತ್ತದೆ. ಟೈರ್ ಅಂಗಡಿಯಲ್ಲಿ ಕಾರಿನ ಚಕ್ರದ ಅಂಚಿಗೆ ಸಣ್ಣ ತೂಕದ ತುಂಡು ಕೂರಿಸುತ್ತಾರಲ್ಲ, ಅದೇ ಕೆಲಸ. ಅಂದರೆ ಸುತ್ತುವ ಭಾರವನ್ನು ಪೂರ್ತಿ ಸರಿದೂಗಿಸಬಹುದು.

ಒನಕೆಯ ಕಥೆ ಬೇರೆ. ಒರಳಿನ ಮುಂದೆ ನಿಂತು ಒನಕೆಯನ್ನು ಜೋರಾಗಿ ಎತ್ತಿ, ಮೇಲೆ ಹೋದದ್ದನ್ನು ಗಕ್ಕನೆ ತಡೆದು ಕೆಳಕ್ಕೆ ಎಳೆದು ನೋಡಿ. ತಿರುಗಿಸುವ ಆ ಒಂದು ಗಳಿಗೆಯಲ್ಲಿ ಅದು ನಿಮ್ಮ ಭುಜವನ್ನೇ ಮೇಲಕ್ಕೆ ಎಳೆಯುತ್ತದೆ. ಪಿಸ್ಟನ್ ಪ್ರತಿ ಸುತ್ತಿಗೂ ಮೇಲೊಮ್ಮೆ, ಕೆಳಗೊಮ್ಮೆ ಹೀಗೇ ನಿಂತು ತಿರುಗುತ್ತದೆ. ಆಗ ಎಳೆಸಿಕೊಳ್ಳುವುದು ಎಂಜಿನ್. ಎಂಜಿನ್ ಕೂತಿರುವುದು ಫ್ರೇಮಿನ ಮೇಲೆ, ಫ್ರೇಮಿನ ಮೇಲೆ ನಾವು.

ಗ್ರಾಂ ಕಿಲೋ ಆಗೋದು ಹೇಗೆ

"ಒಂದ್ ನಲವತ್ತು ಗ್ರಾಂ ಜಾಸ್ತಿ ಇದ್ರೆ ಏನಾಗುತ್ತೆ ಬಿಡಿ ಭಾವ" ಅಂದ ಬಾಮೈದ. ಹತ್ತು ರೂಪಾಯಿಯ ನಾಣ್ಯ ಒಂದು ಸುಮಾರು 7.7 ಗ್ರಾಂ ತೂಗುತ್ತದೆ. ನಲವತ್ತು ಗ್ರಾಂ ಅಂದರೆ ಅಂಥ ಐದು ನಾಣ್ಯ. ಕೈಯಲ್ಲಿ ಹಿಡಿದರೆ ಏನೂ ಅನ್ನಿಸುವುದಿಲ್ಲ, ನಿಜ.

ಈಗ ಲೆಕ್ಕ ಹಾಕೋಣ. ಹಳೇ 350 ಬುಲೆಟ್ಟಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 70 ಮಿಲಿಮೀಟರ್, ಸ್ಟ್ರೋಕ್ 90 ಮಿಲಿಮೀಟರ್. ಅಂದರೆ ಪಿಸ್ಟನ್ ಒಂದು ಸಲ ಓಡುವ ದೂರ 90, ರಾಡಿನ ದೊಡ್ಡ ತುದಿ ಕೂತಿರುವ ಕ್ರ್ಯಾಂಕ್ ಪಿನ್ ಸುತ್ತುವ ವೃತ್ತದ ತ್ರಿಜ್ಯ 45 ಮಿಲಿಮೀಟರ್. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಸೆಕೆಂಡಿಗೆ 83 ಸುತ್ತಾಯಿತು. ಆ ವೇಗದಲ್ಲಿ ತುದಿ ಮುಟ್ಟಿ ತಿರುಗುವಾಗ 10 ಗ್ರಾಂ ಭಾರ ಸುಮಾರು ಹನ್ನೆರಡೂವರೆ ಕಿಲೋ ತೂಕದಷ್ಟು ಎಳೆಯುತ್ತದೆ. 40 ಗ್ರಾಂ ಎಳೆಯುವುದು 50 ಕಿಲೋ. ಒಂದು ಸಿಮೆಂಟ್ ಚೀಲ! ಅದನ್ನು ಎಂಜಿನ್ನಿಗೆ ಕಟ್ಟಿ ಸೆಕೆಂಡಿಗೆ 83 ಸಲ ಮೇಲಕ್ಕೂ ಕೆಳಕ್ಕೂ ಜಗ್ಗಿದ ಹಾಗೆ.

ಇನ್ನೊಂದು ಮಾತು ನೆನಪಿಡಬೇಕು. ಸ್ಪೀಡು ಎರಡು ಪಟ್ಟಾದರೆ ಎಳೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 2500 ಸುತ್ತಿನಲ್ಲಿ ಅದೇ 40 ಗ್ರಾಂ ಬರೀ ಹನ್ನೆರಡೂವರೆ ಕಿಲೋ ಎಳೆಯುತ್ತದೆ. ಬಾಮೈದ ಊರೊಳಗೆ ನಿಧಾನಕ್ಕೆ ಓಡಿಸಿದ ಸಾವಿರ ಕಿಲೋಮೀಟರಿನಲ್ಲಿ ಏನೂ ಗೊತ್ತಾಗದೆ, ಹೈವೇಗೆ ಬಂದ ಕೂಡಲೇ ಕಾಲು ಜೋಮು ಹಿಡಿದದ್ದು ಇದಕ್ಕೇ.

ಎದುರು ತೂಕ ಪೂರ್ತಿ ಹಾಕಿದರೆ ಆಗಲ್ವಾ?

ಕ್ರ್ಯಾಂಕಿನ ಒಂದು ಕಡೆ ಪಿನ್ನು, ರಾಡು ಇರುತ್ತವೆ. ಅದರ ಎದುರು ಕಡೆ ದಪ್ಪ ಕಬ್ಬಿಣ ಬಿಟ್ಟಿರುತ್ತಾರೆ. ಅದನ್ನು ಎದುರು ತೂಕ ಅನ್ನೋಣ. ಹಳೇ ಕಾಲದ ಏತದಲ್ಲಿ ಬಾನಿಯ ಎದುರು ತುದಿಗೆ ಕಲ್ಲು ಕಟ್ಟುತ್ತಿದ್ದರಲ್ಲ, ಅದೇ ಉಪಾಯ. ಪಿಸ್ಟನ್ ಮೇಲಿದ್ದಾಗ ಈ ತೂಕ ಕೆಳಗಿರುತ್ತದೆ. ಅದು ಮೇಲಕ್ಕೆ ಎಳೆದರೆ ಇದು ಕೆಳಕ್ಕೆ ಎಳೆಯುತ್ತದೆ.

ಹಾಗಾದರೆ ಪಿಸ್ಟನ್ನಿನ ಪೂರ್ತಿ ಭಾರಕ್ಕೆ ಸರಿಸಮವಾಗಿ ಎದುರು ತೂಕ ಹಾಕಿದರೆ ಮುಗೀತಲ್ಲ? ಇಲ್ಲ. ತೊಡಕು ಇರುವುದೇ ಇಲ್ಲಿ. ಪಿಸ್ಟನ್ ನೆಟ್ಟಗೆ ಮೇಲೆ ಕೆಳಗೆ ಓಡುತ್ತದೆ, ಎದುರು ತೂಕ ಸುತ್ತುತ್ತದೆ. ಪಿಸ್ಟನ್ ನಡುದಾರಿಯಲ್ಲಿದ್ದಾಗ ಎದುರು ತೂಕ ಪಕ್ಕಕ್ಕೆ ಬಂದಿರುತ್ತದೆ. ಅಲ್ಲಿ ಅದಕ್ಕೆ ಎದುರಾಗಿ ಎಳೆಯುವವರೇ ಇಲ್ಲ. ಪೂರ್ತಿ ತೂಕ ಹಾಕಿದರೆ ಮೇಲೆ ಕೆಳಗೆ ಆಗುವ ಕುಲುಕಾಟ ನಿಂತು, ಅಷ್ಟೇ ಜೋರಿನ ಕುಲುಕಾಟ ಹಿಂದೆ ಮುಂದೆ ಶುರುವಾಗುತ್ತದೆ.

ಆದ್ದರಿಂದ ಒಂದೇ ಸಿಲಿಂಡರಿನ ಎಂಜಿನ್ ಮಾಡುವವರು ನಡುವಿನ ದಾರಿ ಹಿಡಿದರು. ಏರಿಳಿಯುವ ಭಾರದಲ್ಲಿ ಅರ್ಧದಿಂದ ಮುಕ್ಕಾಲಿನೊಳಗೆ ಎಷ್ಟೋ ಒಂದು ಪಾಲಿಗೆ ಮಾತ್ರ ಎದುರು ತೂಕ ಇಡುತ್ತಾರೆ. ಈ ಪಾಲಿಗೆ ಬ್ಯಾಲೆನ್ಸ್ ಫ್ಯಾಕ್ಟರ್ ಅಂತ ಹೆಸರು. ಎಷ್ಟು ಇಡಬೇಕು ಅನ್ನುವುದು ಫ್ರೇಮು, ಎಂಜಿನ್ ಕೂರಿಸಿದ ರೀತಿ, ಗಾಡಿ ಹೆಚ್ಚಾಗಿ ಓಡುವ ಸ್ಪೀಡು ಎಲ್ಲವನ್ನೂ ನೋಡಿ ತೀರ್ಮಾನ ಆಗುತ್ತದೆ. ಬೇರೇನೂ ಸಲಕರಣೆ ಇಲ್ಲದ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ನಡುಕ ಪೂರ್ತಿ ಹೋಗುವುದೇ ಇಲ್ಲ. ಯಾವ ದಿಕ್ಕಿಗೆ ಎಷ್ಟು ನಡುಗಲಿ ಅಂತ ಹಂಚಬಹುದು ಅಷ್ಟೇ.

ಹಂಚಿದ ಲೆಕ್ಕ ಕೆಡುವುದು

ಒಂದು ಉದಾಹರಣೆ ಹಿಡಿಯೋಣ. ಏರಿಳಿಯುವ ಭಾರ ಎಲ್ಲ ಸೇರಿ 400 ಗ್ರಾಂ ಅಂದುಕೊಳ್ಳಿ. ಪಿಸ್ಟನ್ನು, ರಿಂಗು, ಪಿಸ್ಟನ್ನನ್ನು ರಾಡಿಗೆ ಕೂಡಿಸುವ ಕೊಳವೆಯಾದ ಗಜನ್ ಪಿನ್ನು, ಅದು ಜಾರದಂತೆ ಹಿಡಿಯುವ ಲಾಕು, ರಾಡಿನ ಚಿಕ್ಕ ತುದಿ ಎಲ್ಲಾ ಇದರಲ್ಲಿ ಬಂತು. ಕಂಪನಿಯವರು ಅರ್ಧಕ್ಕೆ ಎದುರು ತೂಕ ಇಟ್ಟಿದ್ದಾರೆ, ಅಂದರೆ 200 ಗ್ರಾಂ. ಮೇಲೆ ಕೆಳಗೆ ಬಾಕಿ ಉಳಿದದ್ದು 200. ಹಿಂದೆ ಮುಂದೆ ಎಳೆಯುವುದು 200. ಸಮ.

ಈಗ 40 ಗ್ರಾಂ ಜಾಸ್ತಿ ಇರುವ ಪಿಸ್ಟನ್ ಹಾಕಿದಿರಿ. ಎದುರು ತೂಕ ಕ್ರ್ಯಾಂಕಿನಲ್ಲಿ ಇದ್ದ ಹಾಗೇ ಇದೆ, ಅದಕ್ಕೆ ಪಿಸ್ಟನ್ ಬದಲಾದದ್ದು ಗೊತ್ತಿಲ್ಲ. ಹಿಂದೆ ಮುಂದೆ 200 ಹಾಗೇ ಉಳಿಯುತ್ತದೆ. ಮೇಲೆ ಕೆಳಗಿನದು 240 ಆಗುತ್ತದೆ. ಅಂದರೆ ಹೊಸದಾಗಿ ಸೇರಿದ ಭಾರ ಎರಡು ದಿಕ್ಕಿಗೂ ಹಂಚಿ ಹೋಗುವುದಿಲ್ಲ. ಅಷ್ಟೂ ಪಿಸ್ಟನ್ ಓಡುವ ದಿಕ್ಕಿನಲ್ಲೇ ಬಂದು ಬೀಳುತ್ತದೆ. ಈ ವಿಷಯದಲ್ಲಿ ಜನ ಬಹಳ ಮೋಸ ಹೋಗುವುದು ಇಲ್ಲೇ. 400ಕ್ಕೆ 40 ಅಂದರೆ ಹತ್ತು ಪರ್ಸೆಂಟ್ ಅಂತ ಸುಮ್ಮನಾಗುತ್ತಾರೆ. ಆದರೆ ನಡುಕ ಹುಟ್ಟಿಸುವ ಬಾಕಿಯಲ್ಲಿ ಅದು ಇಪ್ಪತ್ತು ಪರ್ಸೆಂಟ್.

ಹಗುರ ಪಿಸ್ಟನ್ ಹಾಕಿದರೆ? 40 ಗ್ರಾಂ ಕಮ್ಮಿಯಾದರೆ ಮೇಲೆ ಕೆಳಗಿನದು 160ಕ್ಕೆ ಇಳಿಯುತ್ತದೆ, ಹಿಂದೆ ಮುಂದಿನದು 200 ಹಾಗೇ ಇರುತ್ತದೆ. ಒಟ್ಟಿನಲ್ಲಿ ಒಳ್ಳೇದೇ. ರಾಡಿಗೆ, ಬೇರಿಂಗಿಗೆ ಬೀಳುವ ಎಳೆತವೂ ಕಮ್ಮಿ. ಆದರೆ "ಹಗುರ ಹಾಕಿದ್ದೀನಿ, ನಡುಕ ಪೂರ್ತಿ ಹೋಗುತ್ತೆ" ಅನ್ನುವುದು ಸರಿಯಲ್ಲ. ಹಿಂದೆ ಮುಂದಿನ ಕುಲುಕಾಟ ಒಂದಿಷ್ಟೂ ಕಮ್ಮಿಯಾಗಿಲ್ಲ ನೋಡಿ.

ದಿಕ್ಕಿನ ಮಾತು ಬಂದಾಗ ಇದನ್ನೂ ಹೇಳಬೇಕು. ಬುಲೆಟ್ಟಿನ ಸಿಲಿಂಡರ್ ನೆಟ್ಟಗೆ ನಿಂತಿದೆ, ಆದ್ದರಿಂದ ಪಿಸ್ಟನ್ ಭಾರ ಜಾಸ್ತಿಯಾದರೆ ಫುಟ್‌ರೆಸ್ಟು, ಸೀಟು ಕುಣಿಯುತ್ತವೆ. ಸ್ಪ್ಲೆಂಡರ್ ಎಂಜಿನ್ನಿನ ಸಿಲಿಂಡರ್ ಮುಂದಕ್ಕೆ ಮಲಗಿದೆ. ಅಲ್ಲಿ ಅದೇ ತಪ್ಪು ಹಿಂದೆ ಮುಂದೆ ತಳ್ಳುತ್ತದೆ.

ಯಾವ ಬದಲಾವಣೆಯಿಂದ ತೂಕ ಬದಲಾಗುತ್ತದೆ?

ಬೋರ್ ಮಾಡಿಸಿದಾಗ ಸಾಮಾನ್ಯವಾಗಿ ಕಾಲು, ಅರ್ಧ, ಮುಕ್ಕಾಲು, ಒಂದು ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕುತ್ತಾರೆ. 70 ಮಿಲಿಮೀಟರ್ ಬೋರ್ 71 ಆದರೆ 346 ಸಿಸಿ ಎಂಜಿನ್ 356 ಸಿಸಿ ಆಗುತ್ತದೆ. ಒಳ್ಳೇ ತಯಾರಕರು ದೊಡ್ಡ ಸೈಜಿನ ಪಿಸ್ಟನ್ನಿನ ಒಳಗೋಡೆಯಲ್ಲಿ ಸ್ವಲ್ಪ ಕಮ್ಮಿ ಮಾಡಿ ತೂಕವನ್ನು ಮೊದಲಿನ ಹತ್ತಿರಕ್ಕೇ ತರುತ್ತಾರೆ. ಹಾಗಾಗಿ ಬರೀ ಸೈಜ್ ದೊಡ್ಡದಾಯಿತು ಅಂತ ಹೆದರಬೇಕಿಲ್ಲ. ಮೇಕ್ ಬದಲಾದಾಗ ಮಾತ್ರ ಎಚ್ಚರ ಬೇಕು. ಅಳತೆ ಒಂದೇ ಇದ್ದರೂ ಒಳಗಿನ ದಪ್ಪ ಒಬ್ಬೊಬ್ಬರದು ಒಂದೊಂದು ಥರ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಗಾಳಿ-ಪೆಟ್ರೋಲಿನ ಒತ್ತು, ಜಾಸ್ತಿಯಾಗಲಿ ಅಂತ ಹಾಕುವ ಉಬ್ಬು ತಲೆಯ ಪಿಸ್ಟನ್ನಿಗೆ ಆ ಉಬ್ಬಿನ ಭಾರ ಸೇರಿಕೊಳ್ಳುತ್ತದೆ. ರೇಸಿಗೆ ಅಂತ ಮಾರುವ, ಫೋರ್ಜ್ ಮಾಡಿದ (ಎರಕ ಹೊಯ್ಯದೆ ಒತ್ತಿ ಮಾಡಿದ) ಪಿಸ್ಟನ್ ಗಟ್ಟಿ ಇರುತ್ತದೆ. ಸ್ಕರ್ಟ್, ಅಂದರೆ ಪಿಸ್ಟನ್ನಿನ ಕೆಳಭಾಗದ ಗೋಡೆ, ಚಿಕ್ಕದಿದ್ದರೆ ಹಗುರ, ಗೋಡೆ ದಪ್ಪ ಇದ್ದರೆ ಭಾರ. ಹೆಸರು ನೋಡಿ ಹೇಳಲಾಗದು, ತೂಗಿಯೇ ನೋಡಬೇಕು.

ಗಜನ್ ಪಿನ್ನನ್ನು ಎಲ್ಲರೂ ಮರೆಯುತ್ತಾರೆ. ಪಿಸ್ಟನ್ ಅಲ್ಯೂಮಿನಿಯಂ, ಪಿನ್ ಉಕ್ಕು. ಅಷ್ಟೇ ಗಾತ್ರದ ಅಲ್ಯೂಮಿನಿಯಂಗಿಂತ ಉಕ್ಕು ಸುಮಾರು ಮೂರು ಪಟ್ಟು ಭಾರ. ಕೊಳವೆಯ ಗೋಡೆ ಚೂರು ದಪ್ಪ ಇದ್ದರೂ ಹತ್ತು ಹದಿನೈದು ಗ್ರಾಂ ಸುಲಭವಾಗಿ ಸೇರಿಬಿಡುತ್ತದೆ.

ಹಳೇ ಎಂಜಿನ್ನುಗಳಲ್ಲಿ ಪಿಸ್ಟನ್ನೇ ಬೀಡು ಕಬ್ಬಿಣದ್ದು. 1913ರಲ್ಲಿ ಇಂಗ್ಲೆಂಡಿನ ಬೆಂಟ್ಲಿ (ಮುಂದೆ ಬೆಂಟ್ಲಿ ಕಾರು ಕಂಪನಿ ಕಟ್ಟಿದವರು) ಫ್ರಾನ್ಸಿನ ಒಂದು ಕಾರ್ ಕಾರ್ಖಾನೆಗೆ ಹೋಗಿದ್ದಾಗ, ಮೇಜಿನ ಮೇಲಿದ್ದ ಪುಟ್ಟ ಅಲ್ಯೂಮಿನಿಯಂ ಪಿಸ್ಟನ್ ಆಕಾರದ ಪೇಪರ್‌ವೇಟ್ ನೋಡಿ, ಇದರಿಂದ ನಿಜವಾದ ಪಿಸ್ಟನ್ನೇ ಮಾಡಿಸಿದರೆ ಹೇಗೆ ಅಂತ ಯೋಚಿಸಿದರಂತೆ. ಮಾಡಿಸಿದರು ಕೂಡ. ಪಿಸ್ಟನ್ ಹಗುರಾದ ಮೇಲೆ ಎಂಜಿನ್ ಹೆಚ್ಚು ಸುತ್ತು ತಿರುಗಬಲ್ಲದಾಯಿತು. ಎಳೆತ ನಾಲ್ಕು ಪಟ್ಟಾಗುವ ಲೆಕ್ಕ ನೆನಪಿದ್ದರೆ ಕಾರಣ ಬೇರೆ ಹೇಳಬೇಕಿಲ್ಲ.

ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ನಿನ ಸ್ಕರ್ಟ್ ಕೊಯ್ದು ಹಗುರ ಮಾಡುವವರಿದ್ದಾರೆ. ಅಲ್ಲಿ ಸ್ಕರ್ಟ್ ಬರೀ ಭಾರ ಅಲ್ಲ, ಸಿಲಿಂಡರ್ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುವ ಬಾಗಿಲೂ ಹೌದು. ಕೊಯ್ದರೆ ತೂಕದ ಜೊತೆ ಬಾಗಿಲು ತೆರೆಯುವ ಹೊತ್ತೂ ಬದಲಾಗುತ್ತದೆ.

ಒಂದು ಸ್ಪೀಡಿನಲ್ಲಿ ಮಾತ್ರ ಯಾಕೆ ಹೆಚ್ಚು?

"ಅರವತ್ತರ ತನಕ ಸರಿ ಇರುತ್ತೆ, ಅರವತ್ತೈದಕ್ಕೆ ಕೈ ನಡುಗುತ್ತೆ, ಎಪ್ಪತ್ತು ದಾಟಿದ್ರೆ ಮತ್ತೆ ಸರಿ" ಅಂತ ಕೆಲವರು ಹೇಳುತ್ತಾರೆ. ಸುಳ್ಳಲ್ಲ. ಪಂಚಮಿಯ ಜೋಕಾಲಿ ನೆನಪು ಮಾಡಿಕೊಳ್ಳಿ. ಅದು ಹಿಂದಕ್ಕೆ ಬಂದ ಗಳಿಗೆ ನೋಡಿ ಮೆಲ್ಲಗೆ ತಳ್ಳಿದರೂ ಎತ್ತರಕ್ಕೆ ಹೋಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಎಷ್ಟು ಬಲವಾಗಿ ತಳ್ಳಿದರೂ ಏರುವುದಿಲ್ಲ. ಫ್ರೇಮಿಗೆ, ಹ್ಯಾಂಡಲ್ಲಿಗೆ, ಕನ್ನಡಿಯ ಕಡ್ಡಿಗೆ ತಮ್ಮದೇ ಆದ ಜೀಕು ಇರುತ್ತದೆ. ಎಂಜಿನ್ನಿನ ತಳ್ಳಾಟ ಆ ಜೀಕಿಗೆ ಸರಿಹೊಂದಿದ ಸ್ಪೀಡಿನಲ್ಲಿ ನಡುಕ ದೊಡ್ಡದಾಗುತ್ತದೆ. ಕಂಪನಿಯವರು ಆ ಸ್ಪೀಡಿನಲ್ಲಿ ತಳ್ಳಾಟ ಆದಷ್ಟು ಕಮ್ಮಿ ಇರಲಿ ಅಂತ ನೋಡಿ ತೂಕ ಹಂಚಿರುತ್ತಾರೆ. ಭಾರದ ಪಿಸ್ಟನ್ ಆ ಏರ್ಪಾಟನ್ನೇ ಕೆಡಿಸುತ್ತದೆ.

ಬಹಳ ದಿನ ಹೀಗೇ ಓಡಿಸಿದರೆ ಬೋಲ್ಟ್ ಸಡಿಲಾಗುತ್ತದೆ, ಸೈಲೆನ್ಸರ್ ಹಿಡಿದಿರುವ ಪಟ್ಟಿ ಸೀಳುತ್ತದೆ, ಕ್ರ್ಯಾಂಕಿನ ಬೇರಿಂಗ್ ಬೇಗ ಸವೆಯುತ್ತದೆ.

ಟ್ರ್ಯಾಕ್ಟರ್ ಇರುವವರಿಗೆ

ಮೆಕ್ಕೆಜೋಳ ಬಿತ್ತುವ ಹೊತ್ತಿಗೆ ಸರಿಯಾಗಿ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿಸಬೇಕಾಗಿ ಬಂದರೆ ಎಷ್ಟು ಸಂಕಟ ಅಂತ ನಮ್ಮ ಭಾಗದವರಿಗೆ ಹೇಳಬೇಕಿಲ್ಲ. ಕೈಯಲ್ಲಿ ದುಡ್ಡು ಕಮ್ಮಿ ಇದ್ದಾಗ ಮೂರರಲ್ಲಿ ಕೆಟ್ಟ ಒಂದೇ ಪಿಸ್ಟನ್ ಬದಲಿಸುವುದೂ ಉಂಟು. ಇಲ್ಲಿ ಲೆಕ್ಕ ಬೇರೆ.

ಮೂರು ಜನ ಒಂದೇ ಗಂಟಿಗೆ ಹಗ್ಗ ಕಟ್ಟಿ ಮೂರು ದಿಕ್ಕಿಗೆ ಸಮ ಬಲದಿಂದ ಎಳೆದರೆ ಗಂಟು ಅಲುಗುವುದಿಲ್ಲ. ಮೂರು ಸಿಲಿಂಡರಿನ ಎಂಜಿನ್ ಹೀಗೇ. ಮೂರು ಪಿಸ್ಟನ್ನುಗಳ ಸರದಿ ಸಮ ಅಂತರದಲ್ಲಿ ಬರುವುದರಿಂದ ಒಂದರ ಎಳೆತವನ್ನು ಉಳಿದೆರಡು ಸರಿದೂಗಿಸುತ್ತವೆ. ತುದಿಯಿಂದ ತುದಿಗೆ ತೊಟ್ಟಿಲ ಹಾಗೆ ಸ್ವಲ್ಪ ತೂಗಾಡುವುದು ಮಾತ್ರ ಉಳಿಯುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ ಎರಡು ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ.

ಈ ಒಪ್ಪಂದ ನಿಂತಿರುವುದು ತೂಕ ಸಮ ಇದೆ ಅನ್ನುವ ನಂಬಿಕೆಯ ಮೇಲೆ. ಮೂವರಲ್ಲಿ ಒಬ್ಬ ಜೋರಾಗಿ ಎಳೆದರೆ ಗಂಟು ಅವನ ಕಡೆ ಜರುಗುತ್ತದೆ. ಬೈಕಿನಲ್ಲಿ ಹಳೇ ತೂಕ ಎಷ್ಟಿತ್ತು ಅನ್ನುವುದು ಮುಖ್ಯ. ಟ್ರ್ಯಾಕ್ಟರಿನಲ್ಲಿ ಮೂರೂ ಒಂದಕ್ಕೊಂದು ಸಮ ಇವೆಯಾ ಅನ್ನುವುದು ಅದಕ್ಕಿಂತ ಮುಖ್ಯ. ಕಾರ್ಖಾನೆಯಲ್ಲಿ ಪಿಸ್ಟನ್ನುಗಳನ್ನು ತೂಗಿ, ಹತ್ತಿರ ಹತ್ತಿರದ ತೂಕದವನ್ನು ಒಂದು ಸೆಟ್ ಮಾಡುತ್ತಾರೆ. ಆದಷ್ಟು ಸೆಟ್ಟೇ ತನ್ನಿ. ಒಂದನ್ನೇ ಹಾಕಲೇಬೇಕಾದರೆ ಉಳಿದೆರಡರ ಜೊತೆ ತೂಗಿ ನೋಡಿ.

ಬ್ಯಾಲೆನ್ಸರ್ ಶಾಫ್ಟ್ ಇದ್ದರೆ?

ಎದುರು ತೂಕ ಪಕ್ಕಕ್ಕೆ ಬಂದಾಗ ಅದಕ್ಕೆ ಎದುರಾಗುವವರಿಲ್ಲ ಅಂತ ಹೇಳಿದ್ದೆ. ಬ್ಯಾಲೆನ್ಸರ್ ಶಾಫ್ಟ್ ಆ ಜಾಗ ತುಂಬುತ್ತದೆ. ಕ್ರ್ಯಾಂಕಿನಷ್ಟೇ ವೇಗದಲ್ಲಿ ಉಲ್ಟಾ ದಿಕ್ಕಿಗೆ ತಿರುಗುವ ಇನ್ನೊಂದು ತೂಕ ಅದು. ಪಿಸ್ಟನ್ ಮೇಲಿದ್ದಾಗ ಎರಡು ತೂಕವೂ ಕೆಳಗಿರುತ್ತವೆ. ಪಿಸ್ಟನ್ ನಡುವಿಗೆ ಬಂದಾಗ ಒಂದು ಹಿಂದೆ, ಒಂದು ಮುಂದೆ ನಿಂತು ಒಂದನ್ನೊಂದು ಹಿಡಿಯುತ್ತವೆ. 2020ರಲ್ಲಿ ಬಂದ, ಬುಲೆಟ್ ಕಂಪನಿಯದೇ ಆದ ಮೀಟಿಯರ್ 350, ಆಮೇಲೆ 2021ರ ಕ್ಲಾಸಿಕ್ 350ರ ಎಂಜಿನ್ನಿನಲ್ಲಿ ಇಂಥ ಶಾಫ್ಟ್ ಇದೆ. ಹಳೇ ಬುಲೆಟ್ ಓಡಿಸಿದವರಿಗೆ ವ್ಯತ್ಯಾಸ ಮೊದಲ ಕಿಲೋಮೀಟರಿನಲ್ಲೇ ಗೊತ್ತಾಗುತ್ತದೆ. ಆದರೆ ಆ ಶಾಫ್ಟಿನ ತೂಕವನ್ನೂ ಕಂಪನಿಯ ಪಿಸ್ಟನ್ ತೂಕಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ಪಿಸ್ಟನ್ ಬದಲಾದರೆ ಅದರ ಲೆಕ್ಕವೂ ತಪ್ಪುತ್ತದೆ.

ಬ್ಲಾಕ್ ಬಿಚ್ಚಿಸುವ ಮುಂಚೆ

ಎಲ್ಲ ನಡುಕವೂ ಪಿಸ್ಟನ್ನಿನಿಂದ ಬರುವುದಿಲ್ಲ. ಎಂಜಿನ್ ಹಿಡಿದಿರುವ ಬೋಲ್ಟ್ ಸಡಿಲಿರಬಹುದು, ರಬ್ಬರ್ ಬುಷ್ ಸತ್ತಿರಬಹುದು, ಕ್ರ್ಯಾಂಕ್ ಕೂದಲೆಳೆಯಷ್ಟು ಸೊಟ್ಟ ಇರಬಹುದು. ಇವನ್ನು ಮೊದಲು ನೋಡಿಸಿ, ಖರ್ಚು ಕಮ್ಮಿ.

ಪಿಸ್ಟನ್ ಬದಲಿಸುವುದೇ ಆದರೆ ಹಳೇದನ್ನು ಗುಜರಿಗೆ ಹಾಕಬೇಡಿ. ಅದೇ ನಿಮ್ಮ ಅಳತೆಗಲ್ಲು. ಮಸಿ ತೆಗೆದು, ಅದರದೇ ಪಿನ್ನು, ರಿಂಗು, ಲಾಕುಗಳ ಸಮೇತ ತೂಗಿ. ಹೊಸದನ್ನೂ ಹಾಗೇ ತೂಗಿ. ಒಂದೊಂದು ಗ್ರಾಂ ತೋರಿಸುವ ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ರಾಡ್ ಕೂಡ ಬದಲಾಗುತ್ತಿದ್ದರೆ, ಅದನ್ನು ಮಟ್ಟವಾಗಿ ಹಿಡಿದು, ದೊಡ್ಡ ತುದಿಗೆ ಬೇರೆ ಆಸರೆ ಕೊಟ್ಟು, ಚಿಕ್ಕ ತುದಿಯನ್ನಷ್ಟೇ ತಕ್ಕಡಿ ಮೇಲೆ ಇಟ್ಟು ನೋಡಬೇಕು.

ಹೊಸದು ಭಾರ ಬಂದರೆ ಮೊದಲ ದಾರಿ, ಅಂಗಡಿಗೆ ವಾಪಸ್ ಕೊಟ್ಟು ಬೇರೆ ಮೇಕ್ ತರುವುದು. ಎರಡನೇದು, ಹಗುರ ಪಿನ್ನು ಹುಡುಕುವುದು. ಪಿಸ್ಟನ್ನಿನ ಒಳಗೆ ಸ್ವಲ್ಪ ಕೆರೆದು ತೂಕ ಇಳಿಸಬಹುದು, ಆದರೆ ಅದು ತಿಳಿದವರ ಕೈಯ ಕೆಲಸ. ತಲೆಯ ಭಾಗ ತೆಳುವಾದರೆ ಬಿಸಿಗೆ ತೂತು ಬೀಳುತ್ತದೆ, ಪಿನ್ ಕೂರುವ ಜಾಗ ಕೆರೆದರೆ ಸೀಳುತ್ತದೆ. ಕೊನೆಯ ದಾರಿ, ಕ್ರ್ಯಾಂಕನ್ನೇ ಮತ್ತೆ ಬ್ಯಾಲೆನ್ಸ್ ಮಾಡಿಸುವುದು. ಎದುರು ತೂಕ ಜಾಸ್ತಿ ಇದ್ದರೆ ಅದರಲ್ಲಿ ಡ್ರಿಲ್ ಹೊಡೆದು ಕಮ್ಮಿ ಮಾಡುತ್ತಾರೆ. ಸಾಲದಿದ್ದರೆ ತೂತಿನಲ್ಲಿ ಉಕ್ಕಿಗಿಂತ ಭಾರವಾದ ಟಂಗ್‌ಸ್ಟನ್ ತುಂಬುತ್ತಾರೆ.

ದೊಡ್ಡ ಬೋರ್ ಹಾಕಿ ಸಿಸಿ ಏರಿಸುವವರು ಆರ್‌ಸಿಯನ್ನೂ ನೋಡಿಕೊಳ್ಳಬೇಕು. ಅದರಲ್ಲಿ ಬರೆದ ಮೂಲ ವಿವರಕ್ಕೆ ಹೊಂದದಂಥ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಬಾಮೈದನ ಹಳೇ ಪಿಸ್ಟನ್ ಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ಲೇತ್ ಮೇಸ್ತ್ರಿ ಎರಡನ್ನೂ ತಕ್ಕಡಿಗೆ ಹಾಕಿದರು. ಹೊಸದು 40 ಗ್ರಾಂ ಜಾಸ್ತಿ. "ಬೋರ್ ಮಾಡೋವಾಗ್ಲೇ ಹಳೇದು ತಂದಿದ್ರೆ ತೂಗಿ ಹೇಳ್ತಿದ್ದೆ ನೋಡ್ರಿ" ಅಂದರು. ಅದೇ ಅಳತೆಯ ಬೇರೆ ಮೇಕಿನದು ತರಿಸಿದೆವು. ಅದು ಹಳೇದಕ್ಕಿಂತ 6 ಗ್ರಾಂ ಮಾತ್ರ ಜಾಸ್ತಿ ಬಂತು. ಗೋಡೆ ಚೆನ್ನಾಗಿದ್ದರಿಂದ ಮತ್ತೆ ಬೋರ್ ಮಾಡಲಿಲ್ಲ. ಗೋಡೆಯನ್ನು ಚೂರೇ ಉಜ್ಜಿ (ಹೋನಿಂಗ್ ಮಾಡಿ) ಕೂರಿಸಿದರು. ಮೊನ್ನೆ ಮತ್ತೆ ಚಿತ್ರದುರ್ಗಕ್ಕೆ ಹೋಗಿ ಬಂದೆವು. ಬುಲೆಟ್ ತನ್ನ ಹುಟ್ಟುಗುಣದಷ್ಟು ನಡುಗಿತು. ಭರಮಸಾಗರದಲ್ಲಿ ಟೀಗೆ ನಿಂತಾಗ ಬಾಮೈದ ಮೊದಲು ಹಿಂದಿನ ಲೈಟಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಉರಿಯುತ್ತಿತ್ತು.